ಗಲೀನಾದ ಸುಂಕದ ಕಚೇರಿ ಕಟ್ಟಿಸಿದ ಸೆನೆಕಾ ಇಂಜಿನಿಯರ್

ಕಸ್ಟಮ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಬಂದರು, ಹಡಗು, ಇಲ್ಲವೇ ವಿಮಾನ ನಿಲ್ದಾಣ. ಅಮೆರಿಕದ ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ಗಲೀನಾ ಅಂಥ ಊರಲ್ಲ. ಹೊಳೆಯ ದಾರಿ ಹಿಡಿದು ಹೋದರೆ ಸಮುದ್ರ ಸಾವಿರ ಮೈಲಿಗೂ ಜಾಸ್ತಿ ದೂರ. ಆದರೂ ಆ ಊರಲ್ಲಿ ಸುಣ್ಣಕಲ್ಲಿನ ಒಂದು ಗಟ್ಟಿಮುಟ್ಟು ಕಟ್ಟಡ ಇದೆ. 1857ರಿಂದ 1859ರ ನಡುವೆ ಅಮೆರಿಕದ ಕೇಂದ್ರ ಸರ್ಕಾರ ಅದನ್ನು ಕಸ್ಟಮ್ಸ್ ಮತ್ತು ಅಂಚೆ ಕಚೇರಿಗಾಗಿ ಕಟ್ಟಿಸಿತು. ಅದೇ ಕಾಲಕ್ಕೆ ನಾವಿಕರಿಗೆಂದು ಒಂದು ಆಸ್ಪತ್ರೆಯ ಕೆಲಸವನ್ನೂ ಶುರುಮಾಡಿತು.

ಎರಡಕ್ಕೂ ಉಸ್ತುವಾರಿ ಇಂಜಿನಿಯರ್ ಒಬ್ಬರೇ, ಈಲಿ ಪಾರ್ಕರ್. ಅವರು ಸೆನೆಕಾ ಜನಾಂಗದವರು, ಅಂದರೆ ಅಮೆರಿಕದ ಮೂಲನಿವಾಸಿ. ಆಗಿನ ಕಾನೂನಿನ ಪ್ರಕಾರ ಅವರು ಅಮೆರಿಕದ ಪ್ರಜೆಯೇ ಅಲ್ಲ.

ಪಾರ್ಕರ್ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ 1865ರಲ್ಲಿ ಅಮೆರಿಕದ ಅಂತರ್ಯುದ್ಧದ ಕೊನೆಗೆ ನಡೆದ ಆ ಪ್ರಸಿದ್ಧ ಶರಣಾಗತಿಯ ದೃಶ್ಯಕ್ಕೆ ಓಡುತ್ತಾರೆ. ಅದಕ್ಕೆ ನಾವೂ ಬರೋಣ. ಆದರೆ ನನಗೆ ಜಾಸ್ತಿ ಕುತೂಹಲ ಇರುವುದು ಅದಕ್ಕಿಂತ ಮುಂಚಿನ ಗಾರೆ, ಕಲ್ಲು, ಲೆಕ್ಕಪುಸ್ತಕದ ವರ್ಷಗಳ ಬಗ್ಗೆ. ಸಮುದ್ರವಿಲ್ಲದ ಊರಿಗೆ ಕಸ್ಟಮ್ಸ್ ಯಾಕೆ? ಪ್ರಜೆಯಲ್ಲದವರ ಕೈಗೆ ಸರ್ಕಾರಿ ಕಟ್ಟಡ ಹೇಗೆ ಬಂತು?

ಮೊದಲು ಅವರ ಊರಿನ ಕಡೆ ಹೋಗೋಣ. ಪಾರ್ಕರ್ ಹುಟ್ಟಿದ್ದು 1828ರಲ್ಲಿ, ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ಟೊನವಾಂಡಾ ಎಂಬ ಮೀಸಲು ಪ್ರದೇಶದಲ್ಲಿ. ಸೆನೆಕಾ ಹೆಸರು ಹಸನೊಆಂಡ. ಈಲಿ ಎನ್ನುವುದು ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿಯಿಂದ ಬಂದ ಹೆಸರು. ಸೆನೆಕಾದವರು ಹೋಡೆನೊಶೋನಿ ಒಕ್ಕೂಟದ ಆರು ಜನಾಂಗಗಳಲ್ಲಿ ಒಬ್ಬರು. ಹೊರಗಿನವರು ಈ ಒಕ್ಕೂಟವನ್ನು ಇರೊಕ್ವಾ ಎನ್ನುತ್ತಾರೆ. ಹೋಡೆನೊಶೋನಿ ಅಂದರೆ ಉದ್ದಮನೆಯ ಜನ. ಹಿಂದೆ ಅವರು ಮರದ ಗಳುಗಳಿಗೆ ಎಲ್ಮ್ ಮರದ ತೊಗಟೆ ಹೊದಿಸಿ ಉದ್ದುದ್ದ ಮನೆ ಕಟ್ಟುತ್ತಿದ್ದರು. ನಡುವೆ ಸಾಲಾಗಿ ಒಲೆಗಳು. ಒಂದೇ ತಾಯಿಬಳಿಯ ಹಲವು ಸಂಸಾರಗಳು ಒಂದೇ ಸೂರಿನಡಿ ಇರುತ್ತಿದ್ದವು. ಬಳಿ ಹೋಗುವುದು ತಾಯಿಯ ಕಡೆಯಿಂದ. ನಾಯಕನ ಪಟ್ಟವೂ ಹಾಗೆಯೇ, ಅಪ್ಪನಿಂದ ಮಗನಿಗಲ್ಲ. ತುಳುನಾಡಿನ ಅಳಿಯಕಟ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಮ್ಮ ಇಡೀ ಒಕ್ಕೂಟವನ್ನೇ ಅವರು ಒಂದು ಉದ್ದಮನೆ ಎಂದು ಭಾವಿಸುತ್ತಿದ್ದರು. ನ್ಯೂಯಾರ್ಕಿನ ಉದ್ದಕ್ಕೂ ಮಲಗಿರುವ ಮನೆ ಅದು. ಪೂರ್ವದ ಬಾಗಿಲು ಕಾಯುವವರು ಮೊಹಾಕರು, ಪಶ್ಚಿಮದ ಬಾಗಿಲು ಕಾಯುವವರು ಸೆನೆಕಾದವರು. 1851ರಲ್ಲಿ ಪಾರ್ಕರ್‌ಗೆ ಬಂದ ಪಟ್ಟದ ಹೆಸರು ಡೊನೆಹೊಗಾವ, ಪಶ್ಚಿಮದ ಬಾಗಿಲು ಕಾಯುವವನು. ಆಗ ಅವರಿಗೆ ವಯಸ್ಸು ಇಪ್ಪತ್ಮೂರರ ಆಸುಪಾಸು.

ಇಷ್ಟು ಚಿಕ್ಕ ವಯಸ್ಸಿನವರಿಗೆ ಪಟ್ಟ ಬರಲು ಕಾರಣ ಇತ್ತು. 1838ರಲ್ಲಿ ಲಂಚ, ಮೋಸ ಎಲ್ಲ ಬೆರೆತ ಒಂದು ಒಪ್ಪಂದ ಆಯಿತು. ಅದರ ಆಧಾರದ ಮೇಲೆ ಆಗ್ಡೆನ್ ಎಂಬ ಭೂಮಿ ಕಂಪನಿ ಸೆನೆಕಾದವರ ಜಮೀನು ತನ್ನದೆಂದು ಕೂತಿತು. ಟೊನವಾಂಡಾದವರು ನಾವು ಇದಕ್ಕೆ ಒಪ್ಪಿಲ್ಲ ಎಂದು ಪಟ್ಟು ಹಿಡಿದರು. ಆದರೆ ಅರ್ಜಿ ಬರೆಯಲು, ವಾಷಿಂಗ್ಟನ್ನಿಗೆ ಹೋಗಿ ಮಾತಾಡಲು ಇಂಗ್ಲಿಷ್ ಬಲ್ಲವರು ಬೇಕಲ್ಲ. ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಈ ಹುಡುಗನನ್ನು ಹದಿಹರೆಯದಲ್ಲೇ ದುಭಾಷಿಯಾಗಿ ಕರೆದುಕೊಂಡು ಹೊರಟರು. ಹೀಗೆ ಹೋದಾಗಲೇ, 1844ರಲ್ಲಿ, ಆಲ್ಬನಿ ಪಟ್ಟಣದ ಒಂದು ಪುಸ್ತಕದಂಗಡಿಯಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲರ ಪರಿಚಯವಾಯಿತು. ಮಾರ್ಗನ್ ಮುಂದೆ ಇರೊಕ್ವಾ ಒಕ್ಕೂಟದ ಬಗ್ಗೆ ದೊಡ್ಡ ಗ್ರಂಥ ಬರೆದು, 1851ರಲ್ಲಿ ಅದನ್ನು ಪಾರ್ಕರ್ ಅವರಿಗೇ ಅರ್ಪಿಸಿದರು.

ಜಮೀನಿನ ಜಗಳ ನೋಡಿ ಬೆಳೆದವರು ವಕೀಲಿಕೆ ಕಲಿಯಲು ಹೊರಟಿದ್ದು ಸಹಜ. ಪಾರ್ಕರ್ ಒಂದು ವಕೀಲರ ಕಚೇರಿ ಸೇರಿ ಕಾನೂನು ಓದಿದರು. ಆದರೆ ಸನ್ನದು ಸಿಗಲಿಲ್ಲ. ನ್ಯೂಯಾರ್ಕಿನಲ್ಲಿ ವಕೀಲರಾಗಬೇಕಾದರೆ ಪ್ರಜೆಯಾಗಿರಬೇಕು, ಸೆನೆಕಾದವರು ಪ್ರಜೆಗಳಲ್ಲ. ಅಲ್ಲಿಗೆ ಮುಗಿಯಿತು. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಬಂದಿದ್ದು 1924ರಲ್ಲಿ.

ಆಗ ಅವರು ತಿರುಗಿದ್ದು ಇಂಜಿನಿಯರಿಂಗ್ ಕಡೆಗೆ. ಅಲ್ಲಿ ಯಾಕೆ ಯಾರೂ ತಡೆಯಲಿಲ್ಲ? ಸುಲಭದ ಉತ್ತರ: ಅಲ್ಲಿ ತಡೆಯಲು ಗೇಟೇ ಇರಲಿಲ್ಲ. ಇಂಜಿನಿಯರಾಗಲು ಲೈಸೆನ್ಸ್ ಬೇಕು ಎಂಬ ಕಾನೂನು ಅಮೆರಿಕದಲ್ಲಿ ಮೊದಲು ಬಂದಿದ್ದು 1907ರಲ್ಲಿ, ವಯೋಮಿಂಗ್ ರಾಜ್ಯದಲ್ಲಿ. ಅದಕ್ಕೆ ಮುಂಚೆ ಕೆಲಸ ಬಲ್ಲವರೇ ಇಂಜಿನಿಯರ್. ಕಾಲೇಜುಗಳೂ ಬೆರಳೆಣಿಕೆಯಷ್ಟು. ಹೆಚ್ಚಿನವರು ಕಲಿಯುತ್ತಿದ್ದದ್ದು ಕಾಲುವೆ ಕೆಲಸದಲ್ಲಿ. ಮೊದಲು ಗಿಡಗಂಟಿ ಕಡಿದು ದಾರಿ ಮಾಡುವವರ ಜೊತೆ, ಆಮೇಲೆ ಅಳತೆ ಕೋಲು ಹಿಡಿಯುವ ಹುಡುಗನಾಗಿ, ಆಮೇಲೆ ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದ ಹಿಂದೆ. ಹೀಗೆ ಒಂದೊಂದೇ ಮೆಟ್ಟಿಲು.

ಪಾರ್ಕರ್ ಮೊದಲು ಜೆನೆಸೀ ಕಣಿವೆಯ ಕಾಲುವೆಯಲ್ಲಿ, ನಂತರ ರಾಚೆಸ್ಟರ್‌ನಲ್ಲಿ ಈರಿ ಕಾಲುವೆಯ ವಿಸ್ತರಣೆಯಲ್ಲಿ ಕೆಲಸ ಮಾಡಿದರು. 1825ರಲ್ಲಿ ತೆರೆದ ಈರಿ ಕಾಲುವೆ 363 ಮೈಲಿ ಉದ್ದ, 40 ಅಡಿ ಅಗಲ, ಬರೀ 4 ಅಡಿ ಆಳ. ದೋಣಿಗಳು ಜಾಸ್ತಿಯಾಗಿ ಅದು ಸಾಲದೆ ಹೋಯಿತು. ಅದನ್ನು 70 ಅಡಿ ಅಗಲ, 7 ಅಡಿ ಆಳಕ್ಕೆ ಹಿಗ್ಗಿಸುವ ಕೆಲಸ ವರ್ಷಾನುಗಟ್ಟಲೆ ನಡೆಯಿತು. ಕಾಲುವೆಯಲ್ಲಿ ಲೆವೆಲ್ ತಪ್ಪಿದರೆ ನೀರೇ ದೂರು ಹೇಳುತ್ತದೆ. ಹಾಗಾಗಿ ಅಲ್ಲಿ ಪಳಗಿದವರ ಅಳತೆಗೆ ಬೆಲೆ ಇತ್ತು. ಆಮೇಲೆ ಪಾರ್ಕರ್ ವರ್ಜೀನಿಯಾದ ನಾರ್ಫೋಕ್ ಕಡೆ ಇನ್ನೊಂದು ಕಾಲುವೆಗೆ ಹೋದರು. 1857ರಲ್ಲಿ ಟ್ರೆಷರಿ ಇಲಾಖೆ ಅವರನ್ನು ಗಲೀನಾಕ್ಕೆ ಕಳಿಸಿತು.

ಟ್ರೆಷರಿ ಅಂದರೆ ಖಜಾನೆ. ಖಜಾನೆಯವರಿಗೆ ಕಟ್ಟಡ ಕಟ್ಟುವ ಉಸಾಬರಿ ಯಾಕೆ ಅನ್ನಿಸಬಹುದು. ಆಗ ಅಮೆರಿಕದಲ್ಲಿ ಆದಾಯ ತೆರಿಗೆ ಇರಲಿಲ್ಲ. ಕೇಂದ್ರ ಸರ್ಕಾರದ ಬೊಕ್ಕಸಕ್ಕೆ ಬರುತ್ತಿದ್ದ ಹಣದಲ್ಲಿ ಬಹುಪಾಲು ಆಮದು ಸುಂಕ. ಸುಂಕ ಎತ್ತುವ ಕಚೇರಿಗಳೆಲ್ಲ ಟ್ರೆಷರಿಯ ಕೈಯಲ್ಲಿ. ಆದ್ದರಿಂದ ಅವುಗಳ ಕಟ್ಟಡವೂ ಅದರದ್ದೇ ತಲೆನೋವು. ಪೇಟೆಗಳು ಬೆಳೆದ ಹಾಗೆ ಕಟ್ಟಡಗಳ ಬೇಡಿಕೆ ಏರಿತು. 1850ರ ದಶಕದ ಮೊದಲಲ್ಲಿ ಟ್ರೆಷರಿ ಇದಕ್ಕೇ ಒಂದು ವಿಭಾಗ ಮಾಡಿತು. ಸೇನೆಯ ಇಂಜಿನಿಯರ್ ಕ್ಯಾಪ್ಟನ್ ಅಲೆಕ್ಸಾಂಡರ್ ಬೋಮನ್ ಅದರ ಮುಖ್ಯಸ್ಥ, ಆಮಿ ಯಂಗ್ ವಾಸ್ತುಶಿಲ್ಪಿ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಖಜಾನೆಗೆಂದೇ ಒಂದು ಪಿಡಬ್ಲ್ಯೂಡಿ.

ಯಂಗ್ ವಾಷಿಂಗ್ಟನ್ನಿನಲ್ಲಿ ಕೂತು ನಕ್ಷೆ ಬರೆಯುತ್ತಿದ್ದರು. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಊರೂರಿಗೆ ಕಳಿಸುತ್ತಿದ್ದರು. ಒಂದೇ ನಕ್ಷೆಗೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಹಲವು ಊರುಗಳಿಗೆ ಬಳಸಿದ್ದೂ ಉಂಟು. ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಅಂಚೆ, ಮೇಲೆ ಸುಂಕದ ಕಚೇರಿ. ಗಲೀನಾದ ಕಟ್ಟಡವೂ, ಆಸ್ಪತ್ರೆಯೂ ಯಂಗ್ ಅವರದೇ ವಿನ್ಯಾಸ. ಹಾಗಾಗಿ ಪಾರ್ಕರ್ ಕಟ್ಟಡದ ರೂಪ ಕಟ್ಟಿದವರಲ್ಲ. ಕೆಲವು ಕಡೆ ಅವರನ್ನೇ ವಾಸ್ತುಶಿಲ್ಪಿ ಅಂತ ಬರೆದಿರುತ್ತಾರೆ, ಅದು ತಪ್ಪು. ಅವರದು ಸೂಪರಿಂಟೆಂಡೆಂಟ್ ಕೆಲಸ. ವಾಷಿಂಗ್ಟನ್ನಿನಿಂದ ಬಂದ ಕಾಗದವನ್ನು ಮಿಸಿಸಿಪ್ಪಿ ಸೀಮೆಯ ಮಣ್ಣಿನ ಮೇಲೆ ನಿಲ್ಲಿಸುವುದು.

ಅದನ್ನು ಸಣ್ಣ ಕೆಲಸ ಅನ್ನಬೇಡಿ. ಸೈಟಿನಲ್ಲಿ ನಿಂತು ಗೊತ್ತಿರುವವರಿಗೆ ತಿಳಿದಿರುತ್ತದೆ. ಬಂದ ಕಲ್ಲಿನಲ್ಲಿ ಸೀಳು ಇದೆಯೇ ನೋಡಬೇಕು. ಪಾಯ ಗಟ್ಟಿ ಸಿಕ್ಕಿತೇ ನೋಡಬೇಕು. ಎಷ್ಟು ಕೆಲಸ ಆಗಿದೆಯೋ ಅಷ್ಟನ್ನೇ ಅಳೆದು ಬರೆಯಬೇಕು, ಆ ಅಳತೆಯ ಮೇಲೆ ಕಂಟ್ರಾಕ್ಟರ್ ಬಿಲ್ ಪಾಸಾಗುತ್ತದೆ. ಆಳುಗಳ ಹಾಜರಿ, ಸಾಮಾನಿನ ಲೆಕ್ಕ, ಮೇಲಿನವರಿಗೆ ವರದಿ. ನಕ್ಷೆ ಬರೆದವರು ಎಂಟು ನೂರು ಮೈಲಿ ಆಚೆ ಇರುವಾಗ, ಇಲಾಖೆಯ ಕಣ್ಣು ಈ ಒಬ್ಬ ಮನುಷ್ಯ. ಅವರ ಕೈಬರಹವನ್ನು ನಂಬಿ ಹಣ ಬಿಡುಗಡೆಯಾಗಬೇಕು.

ಗಲೀನಾಕ್ಕೆ ಕಲ್ಲು ಬಂದದ್ದು ಮಿಸಿಸಿಪ್ಪಿ ದಂಡೆಯಲ್ಲೇ ಕೆಳಗಿರುವ ನಾವೂ ಎಂಬ ಊರಿನ ಕ್ವಾರಿಯಿಂದ. ಅದು ಸುಣ್ಣಕಲ್ಲು. ಕಲ್ಲಿನ ಗೋಡೆ ಹೊರಗೆ ಕಾಣುವ ಭಾಗ. ಆದರೆ ಆ ದಶಕದ ಟ್ರೆಷರಿ ಕಟ್ಟಡಗಳ ನಿಜವಾದ ಹೊಸತನ ಇದ್ದದ್ದು ನೆಲ ಮತ್ತು ಚಾವಣಿಯ ನಡುವೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸುಂಕದ ಕಚೇರಿಯಲ್ಲಿ ಇರುವುದು ಹಣ ಮತ್ತು ಕಾಗದ. ಆಗಿನ ಅಮೆರಿಕದ ಊರುಗಳಲ್ಲಿ ಮರದ ಮನೆಗಳೇ ಜಾಸ್ತಿ, ಬೆಂಕಿ ಬಿದ್ದರೆ ಬೀದಿಗೆ ಬೀದಿಯೇ ಹೋಗುತ್ತಿತ್ತು. ಹಾಗಾಗಿ ಬೆಂಕಿ ತಾಗದ ಕಟ್ಟಡ ಬೇಕು ಎಂದು ಇಲಾಖೆಯ ಹಟ. ಗೋಡೆ ಕಲ್ಲಿನದಾದರೆ ಸಾಲದು. ಮಹಡಿಯನ್ನು ಹೊರುವ ತೊಲೆ ಮರದ್ದಾದರೆ ಬೆಂಕಿ ಅಲ್ಲಿಂದ ಏರುತ್ತದೆ. 1850ರ ದಶಕದ ನಡುವಿಗೆ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಇಂಗ್ಲಿಷಿನ ಐ ಅಕ್ಷರದ ಆಕಾರದ ಕಬ್ಬಿಣದ ತೊಲೆಗಳನ್ನು ರೋಲ್ ಮಾಡಲು ಶುರುಮಾಡಿದರು. ಟ್ರೆಷರಿ ಅವಕ್ಕೆ ಮೊದಮೊದಲ ದೊಡ್ಡ ಗಿರಾಕಿಗಳಲ್ಲಿ ಒಂದು.

ಜೋಡಣೆ ಹೀಗೆ. ಗೋಡೆಯಿಂದ ಗೋಡೆಗೆ, ಕೆಲವು ಅಡಿಗೊಂದರಂತೆ ಕಬ್ಬಿಣದ ತೊಲೆ ಇಡುತ್ತಾರೆ. ಎರಡು ತೊಲೆಗಳ ನಡುವೆ, ಅವುಗಳ ಕೆಳ ಅಂಚಿನ ಮೇಲೆ ಕಾಲೂರಿ, ಇಟ್ಟಿಗೆಯ ಒಂದು ಚಪ್ಪಟೆ ಕಮಾನು. ಮೇಲೆ ಕಾಂಕ್ರೀಟು ತುಂಬಿ ಮಟ್ಟ ಮಾಡಿ ನೆಲ ಹಾಸುತ್ತಾರೆ. ಇಟ್ಟಿಗೆಯನ್ನು ಎಷ್ಟು ಬೇಕಾದರೂ ಅದುಮಿ, ತಡೆದುಕೊಳ್ಳುತ್ತದೆ. ಎಳೆದರೆ ಮಾತ್ರ ಬಿಟ್ಟುಕೊಡುತ್ತದೆ. ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಪಕ್ಕದ್ದನ್ನು ಅದುಮುತ್ತಲೇ ಇರುತ್ತದೆ, ಎಳೆತವೇ ಇಲ್ಲ. ಬಾಗುವ, ಎಳೆಯುವ ಕಷ್ಟವೆಲ್ಲ ಕಬ್ಬಿಣದ ಪಾಲಿಗೆ.

ಇದರಲ್ಲಿ ಒಂದು ತೊಡಕಿದೆ. ಕಮಾನು ಸುಮ್ನೆ ಕೂರುವುದಿಲ್ಲ, ಎರಡೂ ಪಕ್ಕಕ್ಕೆ ಒದೆಯುತ್ತದೆ. ನಡುವಿನ ಕಮಾನುಗಳಿಗೆ ಚಿಂತೆಯಿಲ್ಲ, ಇದರ ಒದೆತಕ್ಕೆ ಪಕ್ಕದ್ದರ ಒದೆತ ಸರಿಹೋಗುತ್ತದೆ. ಕೊನೆಯದರ ಒದೆತ ಮಾತ್ರ ಗೋಡೆಗೆ ಬೀಳುತ್ತದೆ. ಅದಕ್ಕೇ ತೊಲೆಯಿಂದ ತೊಲೆಗೆ ಕಬ್ಬಿಣದ ಸರಳು ಹಾಕಿ ಬಿಗಿಯುತ್ತಾರೆ, ಟೈ ರಾಡ್ ಅಂತ. ನಮ್ಮಲ್ಲಿ ಹಳೆಯ ರೈಲ್ವೆ ಕಟ್ಟಡಗಳಲ್ಲಿ ನಿಂತು ತಲೆಯೆತ್ತಿದರೆ ಚಾವಣಿ ಅಲೆಅಲೆಯಾಗಿ ಕಾಣುತ್ತದೆ, ಅಲ್ವಾ? ಆ ಜ್ಯಾಕ್ ಆರ್ಚ್ ಚಾವಣಿಯೂ ಇದೇ ಲೆಕ್ಕದ್ದು.

ಇಷ್ಟಾದರೂ ಬೆಂಕಿ ಗೆದ್ದದ್ದುಂಟು. ಕಬ್ಬಿಣ ಉರಿಯುವುದಿಲ್ಲ ನಿಜ, ಆದರೆ ಕಾದರೆ ಮೆತ್ತಗಾಗುತ್ತದೆ. ತೊಲೆಯ ಕೆಳ ಅಂಚು ಬೆತ್ತಲೆಯಾಗಿಯೇ ಇರುತ್ತಿತ್ತು. 1871ರ ಚಿಕಾಗೊ ಬೆಂಕಿಯಲ್ಲಿ ಇದೇ ಇಲಾಖೆಯವರು ಬೆಂಕಿ ತಾಗದು ಎಂದು ಕಟ್ಟಿದ್ದ ಕಸ್ಟಮ್ಸ್ ಮತ್ತು ಅಂಚೆ ಕಚೇರಿ ಸುಟ್ಟುಹೋಯಿತು.

ಇನ್ನು ಮೊದಲ ಪ್ರಶ್ನೆ, ಗಲೀನಾಕ್ಕೆ ಕಸ್ಟಮ್ಸ್ ಯಾಕೆ. ಗಲೀನಾ ಅಂದರೆ ಸೀಸದ ಅದಿರು, ಊರಿನ ಹೆಸರೇ ಅದರಿಂದ ಬಂದದ್ದು. 1845ರಲ್ಲಿ ಆ ಸೀಮೆಯಿಂದ ಸುಮಾರು 27,000 ಟನ್ ಸೀಸ ಹೋಯಿತು, ಇಡೀ ದೇಶದ ಸೀಸದಲ್ಲಿ ಬಹುಪಾಲು. ಸ್ಟೀಮ್‌ಬೋಟುಗಳು ಮಿಸಿಸಿಪ್ಪಿಯಿಂದ ಗಲೀನಾ ಹೊಳೆಗೆ ತಿರುಗಿ ಪೇಟೆಯ ಬಾಗಿಲಿಗೇ ಬರುತ್ತಿದ್ದವು. ಪರದೇಶದ ಮಾಲು ನ್ಯೂ ಆರ್ಲಿಯನ್ಸಿಗೆ ಬಂದು ಹೊಳೆಯಲ್ಲಿ ಮೇಲಕ್ಕೆ ಏರುತ್ತಿತ್ತು. ಸುಂಕವನ್ನು ಒಳನಾಡಿನ ಊರಲ್ಲೇ ಕಟ್ಟುವ ಅನುಕೂಲ ಇದ್ದರೆ ವ್ಯಾಪಾರಿಗೆ ಲಾಭ, ಊರಿಗೆ ದೊಡ್ಡಸ್ತಿಕೆ. ಆ ದೊಡ್ಡಸ್ತಿಕೆಯ ಪಾಲೂ ಸಣ್ಣದಲ್ಲ. ಕೇಂದ್ರ ಸರ್ಕಾರದ ಕಲ್ಲಿನ ಕಟ್ಟಡ ಬಂತೆಂದರೆ ಊರು ಲೆಕ್ಕಕ್ಕೆ ಬಂದ ಹಾಗೆ.

ನಾವಿಕರ ಆಸ್ಪತ್ರೆಯ ಲೆಕ್ಕ ಇನ್ನೂ ಸ್ವಾರಸ್ಯ. 1798ರ ಒಂದು ಕಾನೂನಿನಂತೆ ಪ್ರತಿ ನಾವಿಕನ ಸಂಬಳದಿಂದ ತಿಂಗಳಿಗೆ 20 ಸೆಂಟ್ ಮುರಿದುಕೊಳ್ಳುತ್ತಿದ್ದರು. ಮುರಿದ ಹಣ ಹಡಗಿನ ಯಜಮಾನನಿಂದ ಸುಂಕದ ಅಧಿಕಾರಿಯ ಕೈಗೆ. ಅದರಿಂದ ಕಾಯಿಲೆ ಬಿದ್ದ ನಾವಿಕರಿಗೆ ಚಿಕಿತ್ಸೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಳ್ಳಬೇಡ ಅನ್ನುತ್ತೇವೆ ನಾವು. ಇಲ್ಲಿ ನಾವಿಕರ ಔಷಧಿಯ ಖರ್ಚೇ ಸುಂಕದವನ ಪೆಟ್ಟಿಗೆಯಲ್ಲಿತ್ತು! ಹಣ ಟ್ರೆಷರಿಯದು, ಹಾಗಾಗಿ ಆಸ್ಪತ್ರೆ ಕಟ್ಟುವುದೂ ಟ್ರೆಷರಿಯೇ. ನದಿಯ ದೋಣಿಗಳಲ್ಲಿ ದುಡಿಯುವವರಿಗೂ ಈ ಸೌಲಭ್ಯ ವಿಸ್ತರಿಸಿದ ಮೇಲೆ ಒಳನಾಡಿನ ಊರುಗಳಲ್ಲೂ ಇಂಥ ಆಸ್ಪತ್ರೆಗಳು ಎದ್ದವು. ಇವತ್ತಿನ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಬೇರು ಇದೇ 20 ಸೆಂಟಿನಲ್ಲಿದೆ.

ವಿಪರ್ಯಾಸ ಏನೆಂದರೆ, ಪಾರ್ಕರ್ ಪಾಯ ಹಾಕಿಸುವ ಹೊತ್ತಿಗೆ ಊರಿನ ನಸೀಬು ಇಳಿಯುತ್ತಿತ್ತು. ಸುಲಭವಾಗಿ ಸಿಗುವ ಸೀಸ ಮುಗಿಯುತ್ತಾ ಬಂದಿತ್ತು. ಗುಡ್ಡದ ಮರ ಕಡಿದು, ಗಣಿ ತೋಡಿ, ಹೊಲ ಉತ್ತು ಸಡಿಲಾದ ಮಣ್ಣೆಲ್ಲ ಹೊಳೆಗೆ ಇಳಿದು ಹೂಳು ತುಂಬುತ್ತಿತ್ತು. 1854ರಲ್ಲೇ ರೈಲು ಬಂದಿತ್ತು. ಸ್ಟೀಮ್‌ಬೋಟು ಬರುವುದು ಕಡಿಮೆಯಾಗುವ ಊರಿಗೆ ಸುಂಕದ ಕಚೇರಿ, ನಾವಿಕರು ತೆಳುವಾಗುವ ಊರಿಗೆ ನಾವಿಕರ ಆಸ್ಪತ್ರೆ. ಆಸ್ಪತ್ರೆ ಹೆಚ್ಚು ಕಾಲ ನಡೆಯಲಿಲ್ಲ. ಸರ್ಕಾರಿ ಯೋಜನೆ ಮಂಜೂರಾಗಿ ಕಟ್ಟಡ ಏಳುವಷ್ಟರಲ್ಲಿ ಅಗತ್ಯವೇ ಎದ್ದುಹೋಗಿರುವುದು ಯಾವ ದೇಶಕ್ಕೂ ಹೊಸದಲ್ಲ ಬಿಡಿ. ಪಕ್ಕದ ಅಯೋವಾ ರಾಜ್ಯದ ಡುಬ್ಯೂಕ್‌ನ ಕಸ್ಟಮ್ಸ್ ಕಚೇರಿಯ ಕೆಲಸವೂ ಪಾರ್ಕರ್ ಪಾಲಿಗೆ ಬಂತು.

1857ನೇ ಇಸವಿಯನ್ನೇ ಇನ್ನೊಂದು ಕಡೆಯಿಂದ ನೋಡಿ. ಟೊನವಾಂಡಾದಲ್ಲಿ ಜಾನ್ ಬ್ಲ್ಯಾಕ್‌ಸ್ಮಿತ್ ಎಂಬ ಸೆನೆಕಾ ನಾಯಕರ ಮರದ ಮಿಲ್ಲಿಗೆ ಭೂಮಿ ಕಂಪನಿಯ ಕಡೆಯವರು ನುಗ್ಗಿ ಅವರನ್ನು ಹೊರದಬ್ಬಿದ್ದರು. ಆ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬ್ಲ್ಯಾಕ್‌ಸ್ಮಿತ್ 1851ರಲ್ಲಿ ತೀರಿಕೊಂಡಿದ್ದರು. ಅವರ ಡೊನೆಹೊಗಾವ ಪಟ್ಟಕ್ಕೇ ಪಾರ್ಕರ್ ಬಂದದ್ದು. 1857ರ ಮಾರ್ಚ್ 5ರಂದು ತೀರ್ಪು ಬಂತು: ಖಾಸಗಿ ಕಂಪನಿಯವರು ಹೀಗೆ ಬಲವಂತವಾಗಿ ಇವರನ್ನು ಒಕ್ಕಲೆಬ್ಬಿಸುವ ಹಾಗಿಲ್ಲ. ಮಾರನೇ ದಿನ ಅದೇ ಕೋರ್ಟು ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಕರಿಯರು ಅಮೆರಿಕದ ಪ್ರಜೆಗಳಾಗಲಾರರು ಎಂದು ಹೇಳಿತು. ಒಂದೇ ವಾರ, ಒಂದೇ ಕೋರ್ಟು.

ಅದೇ ವರ್ಷದ ನವೆಂಬರ್ 5ರಂದು ಅಮೆರಿಕ ಸರ್ಕಾರಕ್ಕೂ ಟೊನವಾಂಡಾದವರಿಗೂ ಒಪ್ಪಂದವಾಯಿತು. 1838ರ ಒಪ್ಪಂದದಲ್ಲಿ ಕ್ಯಾನ್ಸಾಸ್ ಕಡೆ ಕೊಡುತ್ತೇವೆಂದಿದ್ದ ಭೂಮಿಯ ಹಕ್ಕು ಬಿಟ್ಟುಕೊಟ್ಟು 2,56,000 ಡಾಲರ್ ಪಡೆದರು. ಆ ಹಣದಿಂದ ತಮ್ಮ ಭೂಮಿಯನ್ನೇ ಕಂಪನಿಯಿಂದ ತಾವು ಕೊಂಡುಕೊಳ್ಳಬೇಕಾಯಿತು. ಮೊದಲಿದ್ದ 12,800 ಎಕರೆಯಲ್ಲಿ ಉಳಿದದ್ದು ಸುಮಾರು 7,500. ಈ ಒಪ್ಪಂದದ ಹಿಂದೆ ಓಡಾಡಿದವರಲ್ಲಿ ಪಾರ್ಕರ್ ಮುಖ್ಯರು. ಅಂದರೆ ಸಂಬಳ ಅಮೆರಿಕ ಸರ್ಕಾರದ್ದು, ಕೆಲಸ ಅದರ ಕಟ್ಟಡ ಕಟ್ಟಿಸುವುದು. ಅದೇ ಸರ್ಕಾರದ ಎದುರು ಕೂತಾಗ ಮಾತ್ರ ಬೇರೊಂದು ಜನಾಂಗದ ನಾಯಕ. ಕೋರ್ಟಿನಲ್ಲಿ ವಾದಿಸಲು ಪ್ರಜೆಯಲ್ಲ ಎಂದವರಿಗೆ, ಕಟ್ಟಡ ಕಟ್ಟಿಸಲು ಆ ಪ್ರಶ್ನೆ ಅಡ್ಡ ಬರಲಿಲ್ಲ.

1860ರಲ್ಲಿ ಗಲೀನಾದ ಒಂದು ಚರ್ಮದ ಅಂಗಡಿಗೆ, ಅಪ್ಪನ ವ್ಯಾಪಾರದಲ್ಲಿ ಕೆಲಸ ಮಾಡಲು ಒಬ್ಬರು ಬಂದರು. ಸೇನೆ ಬಿಟ್ಟವರು, ಮಾತು ಕಡಿಮೆ. ಹೆಸರು ಯುಲಿಸೀಸ್ ಗ್ರಾಂಟ್. ಇಬ್ಬರಿಗೂ ಸ್ನೇಹವಾಯಿತು. 1861ರಲ್ಲಿ ಲಿಂಕನ್ ಸರ್ಕಾರ ಬಂದಾಗ, ಆಗಿನ ರೂಢಿಯಂತೆ ಹಳೆಯ ನೇಮಕದವರೆಲ್ಲ ಜಾಗ ಖಾಲಿ ಮಾಡಬೇಕಾಯಿತು. ಪಾರ್ಕರ್ ಕೆಲಸವೂ ಹೋಯಿತು. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿತ್ತು. ಸೇನೆಗೆ ಸೇರುತ್ತೇನೆಂದು ವಾಷಿಂಗ್ಟನ್ನಿಗೆ ಹೋದರೆ, ಇದು ಬಿಳಿಯರ ಜಗಳ, ನೀವು ಊರಿಗೆ ಹೋಗಿ ಬೇಸಾಯ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಸಿಕ್ಕಿತು ಎಂದು ಪಾರ್ಕರ್ ಮುಂದೆ ನೆನಪಿಸಿಕೊಂಡಿದ್ದಾರೆ.

1863ರಲ್ಲಿ ಬಾಗಿಲು ತೆರೆದದ್ದು ಗಲೀನಾದವರೇ. ಗ್ರಾಂಟ್ ಅಷ್ಟೊತ್ತಿಗೆ ಉತ್ತರದ ಸೇನೆಯಲ್ಲಿ ಜನರಲ್. ಪಾರ್ಕರ್ ಮೊದಲು ಇಂಜಿನಿಯರ್ ಆಗಿ ಸೇರಿದ್ದು ಜಾನ್ ಸ್ಮಿತ್ ಎಂಬ ಜನರಲ್ ಅವರ ಕೈಕೆಳಗೆ. ಈ ಸ್ಮಿತ್ ಗಲೀನಾದಲ್ಲಿ ಒಡವೆ ಅಂಗಡಿ ಇಟ್ಟಿದ್ದವರು. ಆಮೇಲೆ ಗ್ರಾಂಟ್ ಪಾರ್ಕರ್ ಅವರನ್ನು ತಮ್ಮ ಹತ್ತಿರವೇ ಕರೆಸಿಕೊಂಡು 1864ರಲ್ಲಿ ಮಿಲಿಟರಿ ಕಾರ್ಯದರ್ಶಿ ಮಾಡಿಕೊಂಡರು.

1865ರ ಏಪ್ರಿಲ್ 9, ವರ್ಜೀನಿಯಾದ ಆಪೊಮ್ಯಾಟಕ್ಸ್ ಎಂಬ ಊರು. ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾಗಲು ಬಂದಿದ್ದರು. ಗ್ರಾಂಟ್ ಷರತ್ತುಗಳನ್ನು ಪೆನ್ಸಿಲಿನಲ್ಲಿ ಬರೆದರು. ಅದನ್ನು ಶಾಯಿಯಲ್ಲಿ ನಕಲು ಮಾಡಬೇಕು. ಹಿರಿಯ ಸಹಾಯಕರು ಕೂತರೆ ಕೈ ನಡುಗಿ ಬರೆಯಲಾಗಲಿಲ್ಲ. ಕಾಗದ ಪಾರ್ಕರ್ ಕೈಗೆ ಬಂತು, ಅವರು ಬರೆದು ಮುಗಿಸಿದರು. ಕೈಕುಲುಕುವಾಗ ಲೀ, ಇಲ್ಲಿ ಒಬ್ಬ ನಿಜವಾದ ಅಮೆರಿಕನ್ನನನ್ನು ಕಂಡು ಸಂತೋಷವಾಯಿತು ಎಂದರಂತೆ. ನಾವೆಲ್ಲರೂ ಅಮೆರಿಕನ್ನರೇ ಎಂದರಂತೆ ಪಾರ್ಕರ್. ಇದು ಪಾರ್ಕರ್ ಆಪ್ತರ ಮುಂದೆ ಹೇಳಿಕೊಂಡದ್ದರಿಂದ ಬಂದ ಮಾತು, ಹಾಗಾಗಿ "ಅಂತೆ" ಸೇರಿಸಿಯೇ ಹೇಳುತ್ತಿದ್ದೇನೆ. ನನ್ನ ಕಣ್ಣಿಗೆ ಅಲ್ಲಿ ಕಾಣುವುದು ಆ ಮಾತಿಗಿಂತ ಆ ಕೈ. ಕಾಲುವೆಯ ಲೆವೆಲ್ ಪುಸ್ತಕ, ಗಲೀನಾದ ಬಿಲ್, ವರದಿ ಬರೆದು ಬರೆದು ಪಳಗಿದ ಕೈ ಅದು. ನಡುಗಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ. ಗ್ರಾಂಟ್ ಅಧ್ಯಕ್ಷರಾದ ಮೇಲೆ 1869ರಲ್ಲಿ ಪಾರ್ಕರ್ ಮೂಲನಿವಾಸಿ ವ್ಯವಹಾರಗಳ ಕಮಿಷನರ್ ಆದರು. ಆ ಹುದ್ದೆಗೆ ಬಂದ ಮೊದಲ ಮೂಲನಿವಾಸಿ ಅವರೇ. ಅವ್ಯವಹಾರದ ಆರೋಪ ಬಂತು, ಸಂಸತ್ತಿನ ತನಿಖೆಯಲ್ಲಿ ತಪ್ಪಿಲ್ಲವೆಂದಾಯಿತು, ಆದರೂ 1871ರಲ್ಲಿ ರಾಜೀನಾಮೆ ಕೊಟ್ಟರು. ಷೇರುಪೇಟೆಯಲ್ಲಿ ದುಡಿದದ್ದನ್ನು ಅಲ್ಲೇ ಕಳೆದುಕೊಂಡರು. 1876ರಿಂದ ಸಾಯುವವರೆಗೆ, ಅಂದರೆ 1895ರವರೆಗೆ, ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆಯಲ್ಲಿ ಕೆಲಸ. ಯಾವ ವಿಭಾಗ ಗೊತ್ತೇ? ಕಟ್ಟಡಗಳ ರಿಪೇರಿ ಮತ್ತು ಸಾಮಾನು ಪೂರೈಕೆ. ಹೊಸ ಕಟ್ಟಡ ಕಟ್ಟಿಸುತ್ತಿದ್ದವರು ಕೊನೆಗೆ ಪೊಲೀಸ್ ಠಾಣೆಗಳ ದುರಸ್ತಿ ಲೆಕ್ಕ ನೋಡಿದರು.

2022ರಲ್ಲಿ ಅಮೆರಿಕದ ಟಂಕಸಾಲೆ ಪಾರ್ಕರ್ ಚಿತ್ರವಿರುವ ಒಂದು ಡಾಲರ್ ನಾಣ್ಯ ಹೊರತಂದಿತು. ಟಂಕಸಾಲೆಯೂ ಟ್ರೆಷರಿಯದೇ, ಅವರನ್ನು ಗಲೀನಾಕ್ಕೆ ಕಳಿಸಿದ ಅದೇ ಇಲಾಖೆ. ನಾಣ್ಯದಲ್ಲಿ ಸೇನೆಯ ಸಮವಸ್ತ್ರ ಇದೆ, ಗರಿಯ ಲೇಖನಿ ಇದೆ, ಪುಸ್ತಕ ಇದೆ, ಅವರ ರುಜು ಇದೆ, ಹಸನೊಆಂಡ ಎಂಬ ಹೆಸರೂ ಇದೆ. ಲೆವೆಲ್ ಯಂತ್ರವೋ ಕಲ್ಲಿನ ಗೋಡೆಯೋ ಇಲ್ಲ. ಗಲೀನಾದ ಆ ಕಟ್ಟಡದಲ್ಲಿ ಕಸ್ಟಮ್ಸ್‌ನವರು ಎದ್ದುಹೋಗಿ ಎಷ್ಟೋ ಕಾಲವಾಯಿತು. ಅಂಚೆ ಕಚೇರಿ ಮಾತ್ರ ನಿಂತ ಜಾಗದಲ್ಲೇ ನಡೆದುಕೊಂಡು ಬಂದಿದೆ.